ಹಿತ್ತಲ ನಿತ್ಯಪುಷ್ಪ

ಅಮ್ಮನ ಕತ್ತಿನಲ್ಲಿದ್ದ ಗಂಟು ಕ್ಯಾನ್ಸರ್ ಎಂದು ತಿಳಿದಾಗ ಅವಳಿಗೆ ಆಸ್ಪತ್ರೆಯ ಭಯ ಹಿಡಿಯಿತು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನಾನು ಧೈರ್ಯ ತುಂಬಲು ಹೋಗಿ, "ಅವರು ಕೊಡೋ ಔಷಧಿ ನಮ್ಮ ಹಿತ್ತಲಲ್ಲಿರೋ ನಿತ್ಯಪುಷ್ಪದಿಂದಲೇ ತೆಗೆಯೋದಮ್ಮ" ಎಂದೆ. ಅಷ್ಟೇ ಸಾಕಾಯಿತು. ಮರುದಿನದಿಂದ ಅವಳು ಅದರ ಎಲೆ ಕುದಿಸಿ ಕುಡಿಯತೊಡಗಿದಳು. ಆಸ್ಪತ್ರೆಗೆ ಬರುವುದಿಲ್ಲವೆಂದು ಹಟ ಹಿಡಿದಳು.

ರಾಶಿ ಎಲೆಯಲ್ಲಿ ಸಾಸಿವೆಯಷ್ಟೂ ಔಷಧವಿರುವುದಿಲ್ಲ, ಹಾಗೆ ಕುಡಿದರೆ ಅದು ವಿಷ ಎಂದು ಬೇಡಿಕೊಂಡೆ. ಜಂಗಮಕೋಟೆಯಲ್ಲಿ ನಲವತ್ತು ವರ್ಷ ರೇಷ್ಮೆಹುಳ ಸಾಕಿದ್ದವಳು ನಕ್ಕುಬಿಟ್ಟಳು.

"ಹುಳ ಬರೀ ಸೊಪ್ಪು ತಿಂದು ರೇಷ್ಮೆ ಮಾಡ್ತದೆ. ನನ್ನ ಮೈಗೆ ಅಷ್ಟೂ ಬರಲ್ವೇನಪ್ಪ?"

ಆ ಗಿಡದ ಮಾತೆತ್ತಿದ ಈ ಹಾಳು ನಾಲಿಗೆಯನ್ನು ಶಪಿಸಿಕೊಂಡೆ.

ನಾಲ್ಕು ತಿಂಗಳ ಮೇಲೆ, ಗಂಟು ಉಸಿರನ್ನೇ ಒತ್ತತೊಡಗಿದಾಗ, ಅವಳನ್ನು ಎತ್ತಿಕೊಂಡು ಹೋದೆವು. ತಡವಾಯಿತು ಎಂದ ಡಾಕ್ಟರು ಆದರೂ ಡ್ರಿಪ್ ಹಾಕಿಸಿದರು. ತೊಟ್ಟಿಕ್ಕುತ್ತಿದ್ದುದು ಅದೇ ಗಿಡದ ಔಷಧ. ಮೊದಲೇ ಸಿಕ್ಕಿದ್ದರೆ ಅವಳು ಉಳಿಯುತ್ತಿದ್ದಳೇನೋ.

"ಇದ್ಯಾವ ನೀರಪ್ಪ?" ಎಂದು ಕೇಳಿದಳು.

"ಗ್ಲೂಕೋಸಮ್ಮ" ಎಂದೆ.