ಅಳತೆ ಕೊಟ್ಟವರು ನಮ್ಮವರು

ಟೈಲರ್ ಮಾಸ್ಟರ್ ಅವರ ಎಡಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿತ್ತು. ಹೊಲಿಗೆ ಮೆಷಿನ್ನಿನ ಸೂಜಿ ಒಮ್ಮೆ ಉಗುರಿನ ಮೇಲೆ ಹೊಕ್ಕು ಬೆರಳಿನ ಕೆಳಗೆ ಹೊರಬಂದಿತ್ತಂತೆ. ಹೆಸರು ಮಾಡಿದ ಸ್ಮ್ಯಾಶರ್ ಒಬ್ಬ ಗುಬ್ಬಿಯ ವಾಲಿಬಾಲ್ ತಂಡಕ್ಕೆ ಆಡಲು ಒಪ್ಪಿದ ಎಂದು ಯಾರೋ ಅಂಗಡಿ ಬಾಗಿಲಲ್ಲಿ ಕೂಗಿದರು. ಇವರು ತಲೆ ಎತ್ತಿದರು, ಕಾಲು ಮಾತ್ರ ಪೆಡಲ್ ತುಳಿಯುತ್ತಲೇ ಇತ್ತು. ಇಷ್ಟಾಗಿಯೂ ಆ ಸ್ಮ್ಯಾಶರ್ ಬರಲಿಲ್ಲ. "ಕೈ ಕೊಟ್ಟೋನು ಅವ್ನು, ತೂತಾಗಿದ್ದು ನನ್ ಬೆರಳು," ಎಂದು ಅದನ್ನು ಎತ್ತಿ ತೋರಿಸಿ ನಗುತ್ತಿದ್ದರು.

ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಟೈಲರ್ ಅಂಗಡಿ. ನಾನು ತೊಂಬತ್ತರ ದಶಕದಲ್ಲಿ ಗುಬ್ಬಿಯ ಹೈಸ್ಕೂಲೊಂದಕ್ಕೆ ಪಿ.ಟಿ. ಟೀಚರ್ ಆಗಿ ಬಂದೆ. ತುಮಕೂರಿನ ಉಪ್ಪಾರಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಸೀರೆ ಉಟ್ಟು ಸೀಟಿ ಊದುವ ಹೆಂಗಸನ್ನು ಊರು ಅದೇ ಮೊದಲು ಕಂಡಿತ್ತೋ ಏನೋ, ಮೈದಾನದ ಕಾಂಪೌಂಡಿನ ಆಚೆ ಜನ ನಿಂತು ನೋಡುತ್ತಿದ್ದರು. ಅಂಥದ್ದರಲ್ಲಿ ನಾನು ಹುಡುಗಿಯರ ವಾಲಿಬಾಲ್ ತಂಡ ಕಟ್ಟುತ್ತೇನೆ ಅಂದೆ. "ಹೆಣ್ಮಕ್ಳು ಚಡ್ಡಿ ಹಾಕ್ಕೊಂಡ್ ಕುಣಿಯೋದಾ?" ಎಂದು ಅಪ್ಪಂದಿರೆಲ್ಲ ಒಟ್ಟಾಗಿ ಬಂದು ಜಗಳ ತೆಗೆದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಅವರಿಗೆ ನಾಲ್ಕು ಮಾತು ಬೈದು, ಉಳಿದ ಸಿಟ್ಟನ್ನು ಹೊತ್ತುಕೊಂಡು ಸ್ಕೂಲಿನ ಯೂನಿಫಾರಂ ಹೊಲಿಯುತ್ತಿದ್ದ ಮಾಸ್ಟರ್ ಅಂಗಡಿಗೆ ಹೋದೆ.

ಅವರು ಪೂರ್ತಿ ಕೇಳಿಸಿಕೊಂಡರು. "ಬಯ್ಯೋದು ಆಮೇಲೂ ಬಯ್ಬೋದು ಮೇಡಂ, ಮೊದ್ಲು ಬಟ್ಟೆ ತೋರ್ಸೋಣ," ಅಂದರು. ಮೊಣಕಾಲಿನ ಕೆಳಗೆ ಬರುವ, ಎಷ್ಟು ಎತ್ತರ ಜಿಗಿದರೂ ಮೇಲೇಳದ ಸಡಿಲ ಪ್ಯಾಂಟು ಹೊಲಿದರು. ಮೊದಲನೆಯದನ್ನು ಅದೇ ಸ್ಕೂಲಿನಲ್ಲಿ ಓದುತ್ತಿದ್ದ ತಮ್ಮ ಮಗಳಿಗೇ ತೊಡಿಸಿ ಮೈದಾನಕ್ಕೆ ಕಳಿಸಿದರು. ಸಾಬರ ಮಗಳೇ ಆಡುತ್ತಿದ್ದಾಳೆ ಅಂದ ಮೇಲೆ ಉಳಿದ ಅಪ್ಪಂದಿರ ಬಾಯಿಗೆ ಬೀಗ ಬಿತ್ತು. ಆಮೇಲೆ ನಾನು ಎಷ್ಟು ಹುಡುಗಿಯರಿಗೆ ಆಟ ಕಲಿಸಿದೆನೋ ಲೆಕ್ಕವಿಲ್ಲ. ಅವರೆಲ್ಲರ ಪರವಾಗಿ ನಾನು ಆ ಮನುಷ್ಯನಿಗೆ ಋಣಿ.

ಹೀಗೆ ಶುರುವಾದ ಪರಿಚಯದಿಂದ ಅವರ ಅಂಗಡಿಯ ಬೆಂಚಿನಲ್ಲಿ ನನಗೂ ಒಂದು ಜಾಗ ಸಿಕ್ಕಿತು. ಆ ಬೆಂಚು ಗುಬ್ಬಿ ತಂಡದ ಅಭಿಮಾನಿಗಳ ವಿಧಾನಸೌಧ. ವಾಲಿಬಾಲ್ ಟೂರ್ನಮೆಂಟುಗಳು ನಡೆಯುತ್ತಿದ್ದುದು ದೀಪಾವಳಿ ಕಳೆದ ಮೇಲೆ. ಆದರೆ ಆಟ ನಡೆಯುವಾಗಿನ ಬಿಸಿಗಿಂತ ಆಟವಿಲ್ಲದ ಆಷಾಢ, ಶ್ರಾವಣದ ಬಿಸಿಯೇ ಹೆಚ್ಚು. ಊರಿನ ಚಂದಾ ಹಣದಲ್ಲಿ ಈ ಸಲ ಹೊರಗಿನಿಂದ ಯಾರನ್ನು ಕರೆತರುವುದು? ಇದ್ದದ್ದನ್ನೆಲ್ಲ ಒಬ್ಬ ದೊಡ್ಡ ಸ್ಮ್ಯಾಶರ್‌ಗೆ ಸುರಿಯುವುದೋ, ಸಾಧಾರಣದ ಮೂವರಿಗೆ ಹಂಚುವುದೋ? ಕೊಬ್ಬರಿ ಮಂಡಿಯ ಯಜಮಾನರೊಬ್ಬರಿದ್ದರು, ಚಂದಾದಲ್ಲಿ ದೊಡ್ಡ ಪಾಲು ಅವರದು. ಅವರಿಗೆ ದೊಡ್ಡ ಹೆಸರೇ ಬೇಕು. ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದು ಕೂರುವ ಬಸ್ ಕಂಡಕ್ಟರ್ ಒಬ್ಬನಿಗೆ ಊರಿನ ಹುಡುಗರೇ ಸಾಕು.

"ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ಯಜಮಾನ್ರೇ," ಅನ್ನುವನು ಕಂಡಕ್ಟರ್.

"ನೀನ್ ಕಾಲು ಮಡಿಸ್ಕೊಂಡು ಮಲಿಕ್ಕೊ ಹೋಗ್ಲಾ. ಕಪ್ಪನ್ನ ಕುಣಿಗಲ್ನೋರು ಹೊತ್ಕೊಂಡ್ ಹೋಗ್ತಾರೆ," ಅನ್ನುವರು ಯಜಮಾನರು.

ಮಾಸ್ಟರ್ ಕತ್ತರಿ ಆಡಿಸುತ್ತಲೇ ನಡುವೆ ಬಾಯಿ ಹಾಕುವರು: "ಚಡ್ಡಿ ಬಟ್ಟೇಲಿ ಕೋಟು ಹೊಲಿಯಕ್ಕಾಗಲ್ಲ ಕಣಪ್ಪ. ಕೋಟಿನ ಬಟ್ಟೇಲಿ ಚಡ್ಡಿ ಹೊಲಿದ್ರೂ ಬೆವರ್ತೀರ." ಯಾರ ಪರ ಹೇಳಿದರು ಎಂದು ಇಬ್ಬರಿಗೂ ತಿಳಿಯದೆ ಜಗಳ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಆದರೆ ಚಂದಾ ಹಣ ಇಟ್ಟುಕೊಳ್ಳುತ್ತಿದ್ದವರು ಅವರೇ, ಕೊನೆಯ ಮಾತೂ ಅವರದೇ. ಅವರ ಮೇಲೆ ಊರಿಗೆ ಅಷ್ಟು ನಂಬಿಕೆ.

ನಮ್ಮಲ್ಲಿ ಒಂದು ಪದ್ಧತಿ ಬೆಳೆದಿತ್ತು. ತಂಡಕ್ಕೆ ಸೇರಿದ ಆಟಗಾರನಿಂದ ಸಹಿ ಗಿಹಿ ಏನೂ ಇಲ್ಲ. ಅವನು ಅಂಗಡಿಗೆ ಬಂದು ತಂಡದ ಬನಿಯನ್ನಿಗೆ ಅಳತೆ ಕೊಡಬೇಕು, ಅಷ್ಟೆ. ಬೆಂಚಿನವರೆಲ್ಲ ನೋಡುತ್ತಿರಲು ಕೈ ಅಗಲಿಸಿ ನಿಲ್ಲಬೇಕು, ಮಾಸ್ಟರ್ ಟೇಪು ಹಿಡಿದು ಎದೆ, ಭುಜ, ಸೊಂಟ ಅಳೆಯಬೇಕು. "ಅಳತೆ ಕೊಟ್ಟೋರು ನಮ್ಮೋರು," ಅನ್ನುತ್ತಿದ್ದರು. ಹೊರಗಿನವರಷ್ಟೇ ಅಲ್ಲ, ಊರಿನ ಹುಡುಗರೂ ಪ್ರತಿ ವರ್ಷ ಹೊಸದಾಗಿ ಅಳತೆ ಕೊಡಲೇಬೇಕು. ಹೋದ ವರ್ಷದ ಅಳತೆ ಈ ವರ್ಷ ನಡೆಯುತ್ತಿರಲಿಲ್ಲ.

ತಂಡದ ಲಿಫ್ಟರ್ ಮಾಸ್ಟರ ಸ್ವಂತ ತಮ್ಮ. ಸ್ಮ್ಯಾಶರ್ ಹೊಡೆಯುವುದಕ್ಕೆ ಚೆಂಡನ್ನು ನೆಟ್ಟಿನ ಮೇಲೆ ಎತ್ತಿಕೊಡುವವನೇ ಲಿಫ್ಟರ್. ಚಪ್ಪಾಳೆಯೆಲ್ಲ ಹೊಡೆದವನಿಗೆ, ಬೈಗುಳವೆಲ್ಲ ಎತ್ತಿಕೊಟ್ಟವನಿಗೆ. ತಂದೆ ತೀರಿಕೊಂಡಾಗ ಈ ತಮ್ಮ ಇನ್ನೂ ಅಂಬೆಗಾಲಿಡುತ್ತಿದ್ದ. ಮಾಸ್ಟರೇ ಸಾಕಿ ಬೆಳೆಸಿದ್ದರು. ಅಂಗಡಿಯಲ್ಲಿ ನಮ್ಮೊಂದಿಗೆಲ್ಲ ಕನ್ನಡ, ತಮ್ಮ ಬಂದ ಕೂಡಲೇ ಇಬ್ಬರೂ ಉರ್ದುವಿಗೆ ಹೊರಳುತ್ತಿದ್ದರು. ಆಗ ಅವರ ದನಿಯೇ ಬೇರೆಯಾಗುತ್ತಿತ್ತು, ಮನೆಯೊಳಗೆ ಕೂತು ಮಾತಾಡುವವರ ದನಿ.

ಒಂದು ಶ್ರಾವಣದಲ್ಲಿ, ಹಿಂದೆ ಕೈ ಕೊಟ್ಟಿದ್ದ ಅದೇ ಸ್ಮ್ಯಾಶರ್ ಈ ಸಲ ನಿಜವಾಗಿ ಬರುತ್ತೇನೆಂದು ಹೇಳಿಕಳಿಸಿದ. ಆದರೆ ಒಂದು ಷರತ್ತು. ಅವನ ಜೊತೆಗಾರ ಲಿಫ್ಟರ್‌ನನ್ನೂ ತೆಗೆದುಕೊಳ್ಳಬೇಕು. ಬೇರೆಯವರು ಎತ್ತಿದ ಚೆಂಡಿಗೆ ತನ್ನ ಕೈ ಕೂಡುವುದಿಲ್ಲ ಅಂತ. ಊರೆಲ್ಲ ಆಸೆಪಟ್ಟಿದ್ದ ಆಟಗಾರ ಬೇಕಾದರೆ ಮಾಸ್ಟರ ತಮ್ಮ ಹೊರಗೆ ಕೂರಬೇಕು. ಯಾರೂ ಬಾಯಿ ಬಿಡಲಿಲ್ಲ. ನಾನು ಬಿಟ್ಟೆ. "ಬೇಡ ಮಾಸ್ಟರ್. ಇವತ್ತು ಲಿಫ್ಟರ್ ಅಂತಾನೆ, ನಾಳೆ ಅಡುಗೆಯವನನ್ನೂ ನಾನೇ ತರ್ತೀನಿ ಅಂತಾನೆ," ಅಂದೆ.

ಮಾಸ್ಟರ್ ನಗಲಿಲ್ಲ. ಮಾರನೆಯ ದಿನ ಅಂಗಡಿ ಮುಚ್ಚಿ ಆ ಇಬ್ಬರ ಪ್ರಾಕ್ಟೀಸ್ ನೋಡಲು ಮಂಡ್ಯಕ್ಕೆ ಹೋಗಿಬಂದರು. ಬಂದವರು ಹೊಲಿಯುತ್ತ ಕೂತರು. ಕೊನೆಗೆ ನನಗೆ ಮಾತ್ರ ಹೇಳಿದರು: "ಆ ಹುಡ್ಗ ಎತ್ತಿದ್ ಚೆಂಡು ಗಾಳೀಲಿ ನಿಂತ್ಕೊಳ್ತದೆ ಮೇಡಂ. ಊರಿನ್ ದುಡ್ಡು ನನ್ ಕೈಲಿದೆ. ತಮ್ಮ ಅಂತ ಉಳಿಸ್ಕೊಂಡ್ರೆ ನಾನ್ ಇವ್ರಿಗೆಲ್ಲ ಹೆಂಗ್ ಮುಖ ತೋರ್ಸ್ಲಿ?"

ಆ ಮಾತನ್ನು ಅವರು ಮನೆಯಲ್ಲಿ ತಮ್ಮನಿಗೆ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹೇಳಲು ಬಾಯಿ ಬರಲಿಲ್ಲ, ಮುಂದಕ್ಕೆ ಹಾಕುತ್ತ ಹೋದರು. ಅಳತೆಯ ದಿನ ಬಂತು. ಬೆಂಚು ತುಂಬಿತ್ತು. ಹೊರಗಿನವರಿಬ್ಬರದೂ ಮುಗಿದ ಮೇಲೆ ತಮ್ಮ ಎಂದಿನಂತೆ ಬಂದು ಎದುರಿಗೆ ನಿಂತು ಕೈ ಅಗಲಿಸಿದ. ಮಾಸ್ಟರ್ ಟೇಪನ್ನು ಕೊರಳಿನಿಂದ ತೆಗೆಯಲೇ ಇಲ್ಲ. ಬಟ್ಟೆಯ ಮೇಲೆ ಚಾಕ್ ಗೀಟು ಎಳೆಯುತ್ತ, "ಈ ವರ್ಷ ನೀನ್ ಬೇಡ ಬುಡಪ್ಪ," ಅಂದರು. ಕನ್ನಡದಲ್ಲಿ ಅಂದರು. ತಮ್ಮನೆಂದು ರಿಯಾಯಿತಿ ತೋರಿಸಿಲ್ಲ ಎಂಬುದು ಎಲ್ಲರಿಗೂ ಕೇಳಲಿ ಅಂತ ಇರಬೇಕು. ಅವನು ಸ್ವಲ್ಪ ಹೊತ್ತು ಹಾಗೇ ಕೈ ಅಗಲಿಸಿ ನಿಂತಿದ್ದ. ಆಮೇಲೆ ಕೈ ಇಳಿಸಿ, ಚಪ್ಪಲಿ ಮೆಟ್ಟಿ ಹೊರಟುಹೋದ. ಆ ವಾರವೇ ಹೆಂಡತಿಯ ತವರಾದ ಕುಣಿಗಲ್‌ಗೆ ಸಂಸಾರ ಸಾಗಿಸಿದ. ಅಲ್ಲೊಂದು ಲೇತ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಆ ಊರಿನ ತಂಡಕ್ಕೇ ಆಡತೊಡಗಿದ.

ಆ ವರ್ಷ ನಾವು ಗೆದ್ದೆವು, ಅದನ್ನು ಹೇಳಲೇಬೇಕು. ಮಂಡಿ ಯಜಮಾನರು ಕಪ್ಪನ್ನು ತಲೆಯ ಮೇಲಿಟ್ಟುಕೊಂಡು ಬೀದಿ ಸುತ್ತಿದರು. ಮಾಸ್ಟರ್ ಅಂಗಡಿ ಬಾಗಿಲಲ್ಲಿ ನಿಂತು ಎಲ್ಲರಿಗೂ ಟೀ ಕೊಡಿಸಿದರು, ತಾವು ಕುಡಿಯಲಿಲ್ಲ. ಮರುವರ್ಷ ಆ ಜೋಡಿ ಇನ್ನೂ ಹೆಚ್ಚು ಕೊಟ್ಟ ಬೇರೆ ಊರಿಗೆ ಹಾರಿತು. ಕಂಡಕ್ಟರ್ ಕುಣಿಗಲ್‌ವರೆಗೂ ಹೋಗಿ ತಮ್ಮನನ್ನು ವಾಪಸ್ ಕರೆದ. ಅವನು ಬರಲಿಲ್ಲ.

ಅದಾದ ಮೇಲಿನ ಒಂದು ಫೈನಲ್ ತುಮಕೂರಿನಲ್ಲಿ ನಡೆಯಿತು. ಒಂದು ಕಡೆ ನಾವು, ಇನ್ನೊಂದು ಕಡೆ ಕುಣಿಗಲ್. ನಾನು ಮಾಸ್ಟರ ಪಕ್ಕದಲ್ಲೇ ಕೂತಿದ್ದೆ. ಅವರು ಇಡೀ ಆಟದಲ್ಲಿ ಚೆಂಡನ್ನು ನೋಡಲಿಲ್ಲ, ತಮ್ಮನನ್ನು ನೋಡುತ್ತಿದ್ದರು. ಕಡೆಯ ಸೆಟ್ಟಿನಲ್ಲಿ ಅವನು ಬೆನ್ನು ತಿರುಗಿಸಿಕೊಂಡೇ ತಲೆಯ ಹಿಂದಕ್ಕೆ ಒಂದು ಚೆಂಡು ಎತ್ತಿದ, ಅವರ ಸ್ಮ್ಯಾಶರ್ ಅದನ್ನು ನಮ್ಮ ಅಂಗಳಕ್ಕೆ ಜಡಿದ. "ವಾಹ್!" ಎಂದು ಮಾಸ್ಟರ ಬಾಯಿಂದ ಬಂದೇಬಿಟ್ಟಿತು.

"ಏನ್ ಮಾಸ್ಟ್ರೇ, ಅವ್ರಿಗ್ ವಾಹ್ ಅಂತೀರಲ್ಲ!" ಎಂದು ಯಜಮಾನರು ಹಿಂದಿನಿಂದ ಗದರಿದರು.

"ಅವ್ರಿಗಲ್ಲ, ಲಿಫ್ಟಿಗೆ ಅಂದೆ," ಎಂದು ಮಾಸ್ಟರ್ ತಲೆ ತಗ್ಗಿಸಿದರು. ಕಣ್ಣು ತುಂಬಿತ್ತು. ಸೋಲುತ್ತಿರುವುದಕ್ಕೆ ಅಳುತ್ತಿದ್ದಾರೆಂದು ಉಳಿದವರು ಅಂದುಕೊಂಡರು. ಆಟ ಮುಗಿದು ಕುಣಿಗಲ್ ಕಪ್ಪು ಎತ್ತಿದ ಮೇಲೆ ಜನರನ್ನು ಸರಿಸಿಕೊಂಡು ಮಾಸ್ಟರ್ ಅತ್ತ ಓಡಿದರು. ಅಷ್ಟರಲ್ಲಿ ಕುಣಿಗಲ್ಲಿನವರ ವ್ಯಾನು ಹೊರಟಿತ್ತು.

ಎರಡು ಸಾವಿರ ಇಸವಿ ದಾಟುವ ಹೊತ್ತಿಗೆ ಬೆಂಚು ಖಾಲಿಯಾಯಿತು. ಬನಿಯನ್ನುಗಳು ರೆಡಿಮೇಡ್ ಬಂದವು, ಹುಡುಗರು ಕ್ರಿಕೆಟ್‌ಗೆ ಹೋದರು, ಯಜಮಾನರಿಗೆ ವಯಸ್ಸಾಯಿತು. ಮಾಸ್ಟರ್‌ಗೆ ಸಕ್ಕರೆ ಕಾಯಿಲೆ, ಕಣ್ಣು ಮಂಜು. ನನಗೆ ಕುಣಿಗಲ್‌ಗೆ ವರ್ಗವಾಯಿತು. ಹೇಳಿಹೋಗಲು ಬಂದಾಗ ಅವರು ನನ್ನ ಮುಖ ನೋಡದೆ ಅಂದರು: "ಅವ್ನು ಸಿಕ್ರೆ ಹೇಳಿ ಮೇಡಂ. ತಪ್ಪು ನಂದೇ ಅಂತ. ಸಾಕಿದ ಕೈಲೇ ತಳ್ದೆ ಅಂತ ದಿನಾ ಅನ್ಸ್ತದೆ."

ಸಿಕ್ಕ. ಸಂಜೆ ಹೊತ್ತು ಮೈದಾನದಲ್ಲಿ ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದ. ನನಗಿಂತ ಐದಾರು ವರ್ಷ ಚಿಕ್ಕವನು, ಆಗಲೇ ಗಡ್ಡ ಬೆಳ್ಳಗಾಗಿತ್ತು. ಅಣ್ಣನ ಮಾತನ್ನು ಹಾಗೇ ಒಪ್ಪಿಸಿದೆ. ಅವನು ಚೆಂಡನ್ನು ಅಂಗೈಯಲ್ಲಿ ತಿರುಗಿಸುತ್ತ ನಿಂತ. "ನನ್ ಜೊತೆ ಕನ್ನಡದಲ್ಲಿ ಮಾತಾಡಿದ್ರು ಮೇಡಂ," ಅಂದ. "ಅವತ್ತಿನವರ್ಗೂ ಒಂದು ಸಲಾನೂ ಹಂಗೆ ಮಾತಾಡಿರ್ಲಿಲ್ಲ."

"ಹೌದಪ್ಪ, ಆಡಿದ್ರು. ಈಗ ಕಣ್ಣೂ ಸರಿಯಾಗಿ ಕಾಣಲ್ಲ ಅವರಿಗೆ. ಇನ್ನೆಷ್ಟು ವರ್ಷ ಜಗ್ತೀಯ?" ಎಂದು ನಾನು ರೇಗಿದೆ. ಸಿಕ್ಕಾಗಲೆಲ್ಲ ರೇಗಿದೆ. ಕೊನೆಗೊಂದು ದಿನ ಅವನೇ, "ಬಕ್ರೀದ್‌ಗೆ ಹೋಗ್ತೀನಿ ಬುಡಿ," ಅಂದ.

ಹೋದ. ಅಣ್ಣ ತಮ್ಮ ಒಂದೇ ತಟ್ಟೆಯಲ್ಲಿ ಉಂಡರಂತೆ. ಕುಣಿಗಲ್ ತಂಡಕ್ಕೆ ಮುಂದೆ ಯಾರನ್ನು ತರಬೇಕು, ಯಾರಿಗೆ ದುಡ್ಡು ದಂಡ ಎಂದು ಸಂಜೆಯವರೆಗೂ ವಾದ ಮಾಡಿದರಂತೆ. ನನಗೆ ಹಿಡಿಸಲಾರದಷ್ಟು ಖುಷಿಯಾಯಿತು. ಆದರೆ ಮುಂದಿನ ವಾರ ನೋಡಲು ಹೋದಾಗ ಮಾಸ್ಟರ್ ಗೋಡೆಗೆ ಒರಗಿ ಸಪ್ಪಗೆ ಕೂತಿದ್ದರು. "ಬಂದಿದ್ದ. ಉಂಡ. ಎಲ್ಲಾ ಮಾತಾಡ್ದ," ಅಂದರು. "ಅದೊಂದ್ ಮಾತ್ರ ಎತ್ಲಿಲ್ಲ. ನಾನಾಗೇ ಕೇಳಕ್ಕೆ ಧೈರ್ಯ ಬರ್ಲಿಲ್ಲ. ಮನಸ್ಸಲ್ಲಿ ಇನ್ನೂ ಇಟ್ಕೊಂಡವ್ನೆ ಮೇಡಂ."

ಇನ್ನೊಂದು ಬಕ್ರೀದ್ ಬರುವ ಮೊದಲೇ ಅವರು ಹೋಗಿಬಿಟ್ಟರು. ಸುದ್ದಿ ತಿಳಿದು ನಾನು ಗುಬ್ಬಿ ತಲುಪುವಷ್ಟರಲ್ಲಿ ಗಂಡಸರು ಅವರನ್ನು ಖಬರಸ್ತಾನಕ್ಕೆ ಒಯ್ದಾಗಿತ್ತು. ಅವರ ಹೆಂಡತಿ, ಮಗಳ ಪಕ್ಕ ಸ್ವಲ್ಪ ಹೊತ್ತು ಕೂತು ಹೊರಗೆ ಬಂದೆ. ತಮ್ಮ ಒಬ್ಬನೇ ಬೀದಿಯ ಅಂಚಿನಲ್ಲಿ ನಡೆದುಬರುತ್ತಿದ್ದ. ನನ್ನನ್ನು ಕಂಡು ಜಗಲಿಯ ಮೇಲೆ ಕುಸಿದು ಕೂತ.

"ಮಣ್ಣು ಕೊಟ್ ಬಂದೆ ಮೇಡಂ," ಅಂದ. "ಆ ಮಂಡ್ಯದ ಹುಡ್ಗ ನನಗಿಂತ ಚೆನ್ನಾಗಿ ಎತ್ತೋನು. ಅಣ್ಣ ನೋಡಕ್ಕೆ ಹೋಗೋಕ್ ಮುಂಚೇನೇ ನಂಗ್ ಗೊತ್ತಿತ್ತು. ಅಣ್ಣನ ಜಾಗ್ದಲ್ಲಿ ನಾನಿದ್ರೂ ಅವನ್ನೇ ತಗೋತಿದ್ದೆ. ಅಣ್ಣ ತಪ್ಪು ಮಾಡ್ಲಿಲ್ಲ."

"ಇದನ್ನ ಅವರಿಗೆ ಹೇಳಿದ್ಯಾ?"

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. "ಬಕ್ರೀದ್‌ಗೆ ಅದನ್ನ ಹೇಳಕ್ಕೇ ಬಂದಿದ್ದೆ. ಉಂಡಾದ್ಮೇಲೆ ಹೇಳಣ ಅಂದ್ಕೊಂಡೆ. ಹೊರಡೋವಾಗ ಹೇಳಣ ಅಂದ್ಕೊಂಡೆ. ಅಷ್ಟು ಖುಷಿಯಾಗಿದ್ರು, ಯಾಕ್ ನೆನಪು ಮಾಡ್ಸೋದು, ಇನ್ನೊಂದ್ ಸಲ ಬಂದಾಗ ಹೇಳಣ ಅಂತ ಬಸ್ ಹತ್ತಿದೆ."

ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ನನಗೆ. ಹಿಡಿದುಕೊಂಡು ಅಳಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ಅವನ ಕೈಗೆ ಅಣ್ಣನ ಗೋರಿಯ ಮಣ್ಣು ಇನ್ನೂ ಅಂಟಿತ್ತು. ಒಳಗಿನಿಂದ ಒಂದು ಚೊಂಬು ನೀರು ತಂದೆ. ಅವನು ಕೈ ಹಿಂದಕ್ಕೆ ಎಳೆದುಕೊಂಡ. "ಇರ್ಲಿ ಬುಡಿ ಮೇಡಂ, ಸ್ವಲ್ಪ ಹೊತ್ತು," ಅಂದ.