ದೊಡ್ಡಪ್ಪ ಒತ್ತುತ್ತಿದ್ದ ಸಿ

ಬೆಳಿಗ್ಗೆ ಕರೆಂಟು ಹೋಗಿ ಬಂತು. ಬ್ಯಾಟರಿ ಎಂದೋ ಸತ್ತಿರುವ ನನ್ನ ಹಳೇ ಲ್ಯಾಪ್‌ಟಾಪ್ ಎದ್ದು, ಕಪ್ಪು ಪರದೆಯ ಮೇಲೆ ‘ಡಿಸ್ಕ್ ಪರೀಕ್ಷೆ ನಡೆಯುತ್ತಿದೆ, ಬೇಡವಾದರೆ ಸಿ ಒತ್ತಿ’ ಎಂದಿತು. ನನ್ನ ಬೆರಳು ನನ್ನನ್ನು ಕೇಳದೆಯೇ ಸಿ ಕಡೆ ಹೋಯಿತು. ಜೊತೆಗೆ ಕೋಲಾರದ ಈ ಬಾಡಿಗೆ ಕೋಣೆಯಲ್ಲಿ, ಎಲ್ಲಿಂದಲೋ, ಹುಲ್ಲಿನಲ್ಲಿ ಹಣ್ಣಾಗುವ ಮಾವಿನ ವಾಸನೆ.

ಈ ಅಭ್ಯಾಸ ದೊಡ್ಡಪ್ಪನ ಬಳುವಳಿ. ಶ್ರೀನಿವಾಸಪುರದಲ್ಲಿ ಅವರದು ಮಾವಿನ ಮಂಡಿ. ಅಲ್ಲಿನ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟವಳು ನಾನು. ಪುಕ್ಕಟೆ ಎಂಬ ಒಂದೇ ಗುಣಕ್ಕೆ ಅವರು ಅದನ್ನು ಮೆಚ್ಚಿದರು. ಕಂಪ್ಯೂಟರು ಆರಿಸುವ ಕ್ರಮವನ್ನು ಮಾತ್ರ ಕಲಿಯಲಿಲ್ಲ. ತೋಟದ ಪಂಪ್‌ಸೆಟ್ಟಿಗೆ ಮಾಡುವಂತೆ ಸಂಜೆ ಮೇನ್ ಸ್ವಿಚ್ಚನ್ನೇ ಕೆಳಕ್ಕೆಳೆಯುತ್ತಿದ್ದರು. ದೀಪ, ಫ್ಯಾನು, ಕಂಪ್ಯೂಟರು ಒಟ್ಟಿಗೆ ಪ್ರಾಣ ಬಿಡುತ್ತಿದ್ದವು. ಮರುದಿನ ಅದು ಪರೀಕ್ಷೆ ಅಂದರೆ ಇವರು ಸಿ.

“ಚೆನ್ನಾಗೇ ಇದೆಯಲ್ಲಮ್ಮಾ, ಇನ್ನೇನು ನೋಡೋದು?”

“ಇವರ ಸಕ್ಕರೆ ಕಾಯಿಲೆ ಪರೀಕ್ಷೆಗೂ ಒಂದು ಸಿ ಇದ್ದಿದ್ರೆ ಇಷ್ಟೊತ್ತಿಗೆ ಸವೆದುಹೋಗಿರೋದು,” ಎನ್ನುತ್ತಿದ್ದರು ದೊಡ್ಡಮ್ಮ.

ನನಗೆ ಬಂದ ಗಂಡುಗಳ ಮೂರು ತಲೆಮಾರನ್ನು ಜಾಲಾಡುವ ನಮ್ಮ ಮನೆತನ, ಯಾರಾದರೂ ‘ಹೇಗಿದೀರಿ’ ಎಂದರೆ ‘ಚೆನ್ನಾಗಿದೀವಿ’ ಎಂದು ಸಿ ಒತ್ತಿಬಿಡುತ್ತದೆ. ನನ್ನದೂ ಅದೇ ರಕ್ತ.

ಮಂಡಿಯ ಆ ಕಂಪ್ಯೂಟರಿನಲ್ಲಿ ಅಜ್ಜಿಯ ದನಿ ಇತ್ತು. ಅವರು ಮಂಡಿಗೆ ಬಂದಾಗಲೆಲ್ಲ ನಾನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಅಜ್ಜಿ ತೀರಿಕೊಂಡ ಮೇಲೆ ದೊಡ್ಡಪ್ಪ ದಿನವೂ ಊದಿನಕಡ್ಡಿ ಹಚ್ಚಿ, ಅಮ್ಮನ ಮಾತು ಕೇಳಿಯೇ ವ್ಯಾಪಾರ ಶುರುಮಾಡುವರು. ಒಂದು ಬೆಳಿಗ್ಗೆ ಆ ಫೈಲು ತೆರೆಯಲೇ ಇಲ್ಲ.

“ಅಮ್ಮ ಎಲ್ಲಮ್ಮಾ?” ಎಂದರು. ಊದಿನಕಡ್ಡಿ ಕೈಯಲ್ಲೇ ಉಳಿದಿತ್ತು.

ಪರೀಕ್ಷೆ ತಪ್ಪಿಸಿ ತಪ್ಪಿಸಿ ಡಿಸ್ಕ್ ಕೆಟ್ಟಿರಬೇಕೆಂದು ನಾನು, ಲಿನಕ್ಸ್ ಇದಕ್ಕೆಂದೇ ಗೊತ್ತುಮಾಡಿರುವ ಹೆಸರಿನ ಒಂದು ಖಾಲಿ ಫೈಲು ಮಾಡಿಟ್ಟು, ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಅದರೊಳಗೆ ಒಂದಕ್ಷರವಿಲ್ಲ, ಆದರೂ ಆ ಹೆಸರು ಕಂಡರೆ ಸಾಕು, ಕಂಪ್ಯೂಟರು ಇಡೀ ಡಿಸ್ಕನ್ನು ಪರೀಕ್ಷೆಗೆ ತೆಗೆದುಕೊಳ್ಳುತ್ತದೆ. ನಮ್ಮ ಕಡೆ ಇಂಥ ಪ್ರಭಾವ, ಬರುತ್ತಾರಂತೆ ಎಂಬ ಸುದ್ದಿಗೇ ರಸ್ತೆಗೆ ಡಾಂಬರು ಬೀಳಿಸುವ ಮಂತ್ರಿಗಳಿಗೆ ಮಾತ್ರ ಉಂಟು. ಆದರೆ ಸಿ ಒತ್ತಿದರೆ ಇದೂ ನಿಲ್ಲುತ್ತದೆ. ದೊಡ್ಡಪ್ಪನ ಬೆರಳು ಆಗಲೇ ಚಡಪಡಿಸುತ್ತಿತ್ತು. ದೊಡ್ಡಮ್ಮ ಕೀಬೋರ್ಡಿನ ವೈರು ಕಿತ್ತು, ಅದನ್ನು ಮಡಿಲಲ್ಲಿಟ್ಟುಕೊಂಡು ಕೂತರು.

ಹೊರಗಿನಿಂದ ಲಾರಿ ಡ್ರೈವರು ಕೂಗಿದ: “ಏಮಣ್ಣಾ, ಲೋಡು ಎತ್ತಬೇಕಾ ಬೇಡವಾ?”

“ತಾಳಪ್ಪಾ, ನಮ್ಮಮ್ಮನ್ನ ಹುಡುಕ್ತಾ ಇದೀವಿ!”

ಅಜ್ಜಿಯ ತಿಥಿಯೂಟ ಉಂಡು ಹೋಗಿದ್ದವನು ಅವನು. ಮತ್ತೆ ಹಾರ್ನ್ ಕೂಡ ಹೊಡೆಯಲಿಲ್ಲ.

ಪರೀಕ್ಷೆ ಮುಗಿಯಿತು. ದಿನವೂ ಕೇಳುತ್ತಿದ್ದ ದನಿ ಸಿಗಲಿಲ್ಲ. ಪರೀಕ್ಷೆಯಲ್ಲಿ ಸಿಕ್ಕ ಚೂರುಪಾರುಗಳನ್ನು ಒಟ್ಟುಹಾಕುವ ಫೋಲ್ಡರಿನಲ್ಲಿ ಹೆಸರಿಲ್ಲದ, ಬರೀ ನಂಬರಿನ ಒಂದು ಫೈಲಿತ್ತು. ಎಂದೋ ಅರ್ಧಕ್ಕೆ ಕಡಿದುಹೋಗಿದ್ದ ರೆಕಾರ್ಡಿಂಗ್. ಒತ್ತಿದೆ.

“ಲೇ, ಮೇನ್ ಎಳೀಬ್ಯಾಡ್ವೋ! ನಾನಿನ್ನೂ ಮಾತಾಡ್ತಾ ಇದೀ...”

ಅಷ್ಟೇ. ದೊಡ್ಡಪ್ಪ ಸ್ವಿಚ್ಚಿನ ಕಡೆ ನೋಡಿದರು, ಆಮೇಲೆ ತಮ್ಮ ಕೈಯನ್ನು. ಅಂದು ಸಂಜೆ ಮೇನ್ ಎಳೆಯುವ ಮೊದಲು ಬೀಗ ಹಿಡಿದು ನಿಂತು, ಖಾಲಿ ಮಂಡಿಯನ್ನು ಕೇಳಿದರು: “ಮುಗೀತಾ?”

ನನ್ನ ಲ್ಯಾಪ್‌ಟಾಪ್ ಇನ್ನೂ ಪರೀಕ್ಷಿಸುತ್ತಿದೆ. ಕೈ ತೆಗೆದಿದ್ದೇನೆ. ಫೋನಿನಲ್ಲಿ ದೊಡ್ಡಮ್ಮನ ಮೆಸೇಜು: ‘ಹೇಗಿದೀಯಮ್ಮಾ?’ ‘ಚೆನ್ನಾ’ ತನಕ ಬರೆದವಳು ಅಳಿಸಿ, ಅವರಿಗೆ ಫೋನ್ ಮಾಡಿದೆ.