ಚೀಪಲು ಬಾರದ ಕೂಸಿಗೆ ತಾಯಿಯ ದನಿ

ಕೋವಿಡ್ ನಿರ್ಬಂಧಗಳೆಲ್ಲ ತೆರವಾಗಿ ಎರಡು ವರ್ಷ ಕಳೆದಿತ್ತು. ಆಗ ನಾನು ಕೊಚ್ಚಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್. ಮೈಸೂರಿನಲ್ಲಿ ಓದಿದ್ದೆ, ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾದಾಗ ಇಲ್ಲಿಗೆ ಬಂದು ನೆಲೆಸಿದ್ದೆ. ಸ್ಪೀಚ್ ಥೆರಪಿಸ್ಟ್ ಎಂದರೆ ತೊದಲು ಮಾತು ತಿದ್ದುವವರು ಎಂದೇ ಜನ ತಿಳಿದಿರುತ್ತಾರೆ. ನನ್ನ ದಿನದ ಬಹುಪಾಲು ಕಳೆಯುತ್ತಿದ್ದುದು ಮಾತಿನಿಂದ ಇನ್ನೂ ಬಹಳ ದೂರವಿದ್ದ ಕೂಸುಗಳ ಜೊತೆ, ಎನ್‌ಐಸಿಯು ಎನ್ನುವ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ.

ಅಲ್ಲಿ ನನ್ನ ಕೆಲಸ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಚೀಪಲು ಕಲಿಸುವುದು. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಚೀಪಬೇಕು, ನುಂಗಬೇಕು, ನಡುವೆ ಉಸಿರಾಡಬೇಕು. ಈ ಮೂರೂ ಒಂದಕ್ಕೊಂದು ಅಡ್ಡ ಬರದಂತೆ ಸಾಗುವ ಹದ ಸಾಮಾನ್ಯವಾಗಿ ಬಸಿರಿನ ಮೂವತ್ತನಾಲ್ಕನೇ ವಾರದ ಆಸುಪಾಸಿನಲ್ಲಿ ಕೂಡಿಬರುತ್ತದೆ. ಅದಕ್ಕೂ ಮೊದಲೇ ಹುಟ್ಟಿದವರಿಗೆ ಮೂಗಿನಿಂದ ಹೊಟ್ಟೆಗೆ ಸಣ್ಣ ಟ್ಯೂಬ್ ಹಾಕಿ ಹಾಲು ಕೊಡುತ್ತೇವೆ. ಟ್ಯೂಬ್ ಹಾಲು ಹೊಟ್ಟೆ ತುಂಬಿಸುತ್ತದೆ, ಬಾಯಿಗೆ ಏನನ್ನೂ ಕಲಿಸುವುದಿಲ್ಲ.

ಅಶ್ವಿನಿಯ ಮಗ ನಮ್ಮಲ್ಲಿಗೆ ಬಂದಾಗ, ಬಸಿರಿನ ಇಪ್ಪತ್ತೊಂಬತ್ತನೇ ವಾರಕ್ಕೇ ಹುಟ್ಟಿದ ಕೂಸು. ತೂಕ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು. ತಾಯಿ ಅಶ್ವಿನಿ ಹುಬ್ಬಳ್ಳಿ ಕಡೆಯವಳು, ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ನೌಕರಿ. ತಂದೆ ಮಹಾಂತೇಶ ಇಲ್ಲಿ ಅಂಬಲಮುಗಳ್‌ನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಗಂಡ ಹೆಂಡತಿ ಸೇರುತ್ತಿದ್ದುದು ವಾರದ ಕೊನೆಗೆ ಮಾತ್ರ. ಅಶ್ವಿನಿಗೆ ರಕ್ತದೊತ್ತಡ ಏರಿ ಫಿಟ್ಸ್ ಬಂದಿತ್ತು. ತಿರುವನಂತಪುರದಲ್ಲಿ ತುರ್ತಾಗಿ ಸಿಸೇರಿಯನ್ ಮಾಡಿ ಮಗುವನ್ನು ತೆಗೆದರು. ಆ ಆಸ್ಪತ್ರೆಯ ಶಿಶು ಘಟಕದಲ್ಲಿ ಅಂದು ವೆಂಟಿಲೇಟರ್ ಇರುವ ಹಾಸಿಗೆ ಖಾಲಿ ಇರಲಿಲ್ಲ. ಮಹಾಂತೇಶನಿಗೆ ಗೊತ್ತಿದ್ದುದು ನಮ್ಮ ಆಸ್ಪತ್ರೆ. ಮಗುವನ್ನು ಆಂಬುಲೆನ್ಸಿನಲ್ಲಿ ಕೊಚ್ಚಿಗೆ ತಂದ. ತಾಯಿ ಅಲ್ಲೇ ಉಳಿದಳು. ಅವಳ ಎರಡೂ ಕಿಡ್ನಿಗಳು ಕೈಕೊಟ್ಟಿದ್ದವು, ಡಯಾಲಿಸಿಸ್ ನಡೆಯುತ್ತಿತ್ತು. ಮಗನ ಮುಖವನ್ನು ಅವಳು ನೋಡಿದ್ದು ಫೋನಿನಲ್ಲಿ ಮಾತ್ರ.

ಮಗುವಿನ ಶ್ವಾಸಕೋಶ ದುರ್ಬಲವಾಗಿತ್ತು. ವೆಂಟಿಲೇಟರಿನಿಂದ ಹೊರಬರಲು ವಾರಗಳೇ ಹಿಡಿದವು. ಅಷ್ಟೂ ದಿನ ಅವನ ಬಾಯಿಗೆ ತಾಗಿದ್ದೆಲ್ಲ ನೋವು ಕೊಡುವ ವಸ್ತುಗಳೇ: ಟ್ಯೂಬು, ಅಂಟಿನ ಪಟ್ಟಿ, ಕಫ ಎಳೆಯುವ ಕೊಳವೆ. ಗರ್ಭದಲ್ಲೇ ಇದ್ದಿದ್ದರೆ ಒಂಬತ್ತು ತಿಂಗಳು ತುಂಬುತ್ತಿದ್ದ ಹೊತ್ತಿಗೂ, ತುಟಿಗೆ ಏನಾದರೂ ತಾಗಿದರೆ ಮುಖ ತಿರುಗಿಸುತ್ತಿದ್ದ.

ಇಂಥ ಕೂಸುಗಳಿಗೆ ಪ್ಯಾಸಿಫೈಯರ್ ಕೊಡುತ್ತೇವೆ. ಅಂಗಡಿಯಲ್ಲಿ ಸಿಗುವಂಥದ್ದಲ್ಲ; ಚಿಕ್ಕ ಬಾಯಿಗೆ ಹೊಂದುವಂತೆ ಸಿಲಿಕೋನಿನಲ್ಲಿ ಮಾಡಿದ ಮೆತ್ತನೆಯ ನಿಪ್ಪಲ್. ಟ್ಯೂಬಿನಲ್ಲಿ ಹಾಲು ಇಳಿಯುವಾಗ ಇದನ್ನು ಬಾಯಲ್ಲಿಟ್ಟರೆ, ಚೀಪುವುದಕ್ಕೂ ಹೊಟ್ಟೆ ತುಂಬುವುದಕ್ಕೂ ಸಂಬಂಧವಿದೆ ಎಂದು ಕೂಸಿಗೆ ನಿಧಾನವಾಗಿ ತಿಳಿಯುತ್ತದೆ. ನಮ್ಮಲ್ಲಿ ಇನ್ನೊಂದು ಬಗೆಯದೂ ಇತ್ತು. ತಿರುವನಂತಪುರದ ಕಳಕ್ಕೂಟಂ ಬಡಾವಣೆಯ ಎಂಜಿನಿಯರೊಬ್ಬರು ತಯಾರಿಸಿ, ಆಸ್ಪತ್ರೆಯ ಸಮಿತಿಯ ಒಪ್ಪಿಗೆ ಪಡೆದು ನಮಗೆ ಕೊಟ್ಟಿದ್ದ ನಿಪ್ಪಲ್. ಅದರೊಳಗೆ ಒತ್ತಡ ಅಳೆಯುವ ಸೆನ್ಸರ್. ಕೂಸು ಸಾಕಷ್ಟು ಬಲವಾಗಿ ಚೀಪಿದರೆ ಪಕ್ಕದ ಪೆಟ್ಟಿಗೆಯಿಂದ ಕೆಲವು ಸೆಕೆಂಡು ಜೋಗುಳ ಕೇಳಿಸುತ್ತದೆ. ಚೀಪುವುದು ನಿಂತರೆ ಹಾಡೂ ನಿಲ್ಲುತ್ತದೆ.

ವಾರ್ಡಿನ ಮುಖ್ಯ ನರ್ಸ್ ಏಲಿಯಾಮ್ಮ ಸಿಸ್ಟರಿಗೆ ಇದು ಹಿಡಿಸಿರಲಿಲ್ಲ. ನಿಪ್ಪಲ್ ರೂಢಿಯಾದ ಮಗು ಮುಂದೆ ಮೊಲೆ ಹಿಡಿಯುವುದಿಲ್ಲ ಎಂಬುದು ಅವರ ಆತಂಕ. ದಿನ ತುಂಬಿದ ಮಕ್ಕಳ ವಿಷಯದಲ್ಲಿ ಆ ಆತಂಕಕ್ಕೆ ಕಾರಣವೂ ಇತ್ತು.

"ಮೋಳೆ, ನಾನು ಎಷ್ಟೋ ವಾವಗಳನ್ನು ಒಳಲೆಯಲ್ಲೇ ಕುಡಿಸಿ ಮನೆಗೆ ಕಳಿಸಿದ್ದೇನೆ. ಇವನಿಗೇಕೆ ಈ ಮೆಷೀನು?" ಎಂದು ಮಲಯಾಳದಲ್ಲಿ ಕೇಳಿದರು. ಮೋಳೆ ಎಂದರೆ ಮಗಳೇ; ಮಗುವಿಗೆ ಅವರು ವಾವ ಎನ್ನುತ್ತಿದ್ದರು. ಕೂಸಿಗೆ ಹಾಲು ಹೊಯ್ಯುವ ಮೂತಿಯ ಪುಟ್ಟ ಬಟ್ಟಲಾದ ಒಳಲೆಗೆ ಇಲ್ಲಿಯ ಹೆಸರು ಬೇರೆ, ವಸ್ತು ಅದೇ.

"ಒಳಲೆಯಲ್ಲಿ ಹಾಲು ನಾವು ಹೊಯ್ಯುತ್ತೇವೆ ಸಿಸ್ಟರ್. ಇವನಿಗೆ ಉಸಿರು ಯಾವಾಗ ತಗೊಳ್ಳಬೇಕು ಅನ್ನೋದೇ ಇನ್ನೂ ತಿಳಿದಿಲ್ಲ," ಎಂದೆ.

ನಾನು ಮೆಷೀನು ಹಚ್ಚಿದೆ. ಅದರಲ್ಲಿ ಯಾರೋ ಹಾಡಿದ ಒಂದು ಮಲಯಾಳಂ ಜೋಗುಳವಿತ್ತು. ದಿನವೂ ಹಚ್ಚಿದೆ; ಹಾಡು ಒಮ್ಮೆಯೂ ಕೇಳಿಸಲಿಲ್ಲ. ಕೂಸು ನಿಪ್ಪಲನ್ನು ಬಾಯಲ್ಲಿಟ್ಟುಕೊಂಡು ಸುಮ್ಮನೆ ಮಲಗಿರುತ್ತಿತ್ತು. ಕೊನೆಗೆ ಘಟಕದ ವೈದ್ಯ ಡಾ. ಮಾಧವನ್ ಅವರ ಒಪ್ಪಿಗೆ ಪಡೆದು ಸಿಸ್ಟರ್ ಒಳಲೆಯಲ್ಲಿ ಪ್ರಯತ್ನಿಸಿದರು. ಹಾಲು ನಾಲಿಗೆಯ ಅಂಚಿಗೆ ತಾಗುವಂತೆ, ತೊಟ್ಟು ತೊಟ್ಟಾಗಿ, ಬಹಳ ಹುಷಾರಾಗಿಯೇ ಕೊಟ್ಟರು. ಮೂರನೆಯ ಗುಟುಕಿಗೆ ಕೂಸು ಉಸಿರು ಕಟ್ಟಿತು, ತುಟಿ ನೀಲಿಯಾಯಿತು, ಮಾನಿಟರ್ ಕೂಗತೊಡಗಿತು. ಸಿಸ್ಟರ್ ಕ್ಷಣದಲ್ಲಿ ಮಗ್ಗುಲಿಗೆ ಹೊರಳಿಸಿ ಹಾಲು ಹೊರತೆಗೆದು ಆಕ್ಸಿಜನ್ ಹಿಡಿದರು. ಬಣ್ಣ ಮರಳಿತು. ಆದರೆ ಮತ್ತೆ ಕೆಲವು ದಿನ ಮೂಗಿನಲ್ಲಿ ಆಕ್ಸಿಜನ್ ಕೊಳವೆ ಇಡಬೇಕಾಯಿತು.

ಮರುದಿನ ಡಾ. ಮಾಧವನ್ ಮಹಾಂತೇಶನನ್ನೂ ನನ್ನನ್ನೂ ಕರೆದು ಗ್ಯಾಸ್ಟ್ರಾಸ್ಟಮಿಯ ಮಾತೆತ್ತಿದರು. ಹೊಟ್ಟೆಯ ಗೋಡೆಯಲ್ಲಿ ತೂತು ಮಾಡಿ ಜಠರಕ್ಕೇ ಟ್ಯೂಬ್ ಕೂರಿಸುವ ಶಸ್ತ್ರಚಿಕಿತ್ಸೆ ಅದು. ಅನೇಕ ಮಕ್ಕಳಿಗೆ ಅದೇ ಸರಿಯಾದ ದಾರಿ. ಇವನ ಶ್ವಾಸಕೋಶಕ್ಕೆ ಮತ್ತೊಮ್ಮೆ ಅರಿವಳಿಕೆ ಕೊಡುವುದೇ ಅಪಾಯವೆಂದು ಡಾಕ್ಟರಿಗೂ ಗೊತ್ತಿತ್ತು. "ಇಷ್ಟಾದರೂ ಹೀಗೇ ಎಷ್ಟು ದಿನ ಇಡೋದು?" ಎಂದರು.

"ಮುಂದಿನ ವಾರ ಕಳೆಯಲಿ ಸರ್. ಆಮೇಲೆ ನೀವು ಹೇಳಿದ್ದಕ್ಕೆ ನಾನು ಎದುರಾಡಲ್ಲ," ಎಂದು ನಾನು ಕೇಳಿಕೊಂಡೆ.

ಅವರು ಒಪ್ಪಿದರು. ಹೊರಗೆ ಬಂದ ಮೇಲೆ ಮಹಾಂತೇಶ, "ಮೇಡಂ, ಆಕಿ ಫೋನ್ ಮಾಡಿದ್ರ ಒಂದ ಮಾತು ಕೇಳ್ತಾಳ್ರೀ, ಕೂಸು ಕುಡೀತೇನು ಅಂತ. ನಾ ಏನಂತ ಹೇಳ್ಲಿ?" ಎಂದ.

ಅಂದು ಮಧ್ಯಾಹ್ನ ನಾನು ಮೆಷೀನಿನ ಪರದೆಯ ಮೇಲಿನ ದಾಖಲೆಗಳನ್ನು ಮತ್ತೆ ತೆರೆದು ಕುಳಿತೆ. ಹಾಡು ಕೇಳಿಸದ್ದರಿಂದ ಕೂಸು ಚೀಪುತ್ತಲೇ ಇಲ್ಲ ಎಂದು ಎಲ್ಲರೂ ಅಂದುಕೊಂಡಿದ್ದೆವು. ಚಿತ್ರವನ್ನು ಹಿಗ್ಗಿಸಿ ನೋಡಿದರೆ ಒತ್ತಡ ತೋರಿಸುವ ಗೆರೆ ಪೂರ್ತಿ ಚಪ್ಪಟೆಯಾಗಿರಲಿಲ್ಲ. ಅಲ್ಲಲ್ಲಿ ಎರಡು, ಮೂರು ಸಣ್ಣ ಉಬ್ಬುಗಳು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕೂಸು ಚೀಪಲು ನೋಡುತ್ತಿತ್ತು. ಹಾಡು ಮೊಳಗಲು ಬೇಕಾದ ಒತ್ತಡವನ್ನು ಗಟ್ಟಿಮುಟ್ಟಾದ ಕೂಸುಗಳನ್ನು ಲೆಕ್ಕಕ್ಕಿಟ್ಟುಕೊಂಡು ನಿಗದಿ ಮಾಡಿದ್ದರು. ಇವನ ಯಾವ ಪ್ರಯತ್ನಕ್ಕೂ ಅದು ಓಗೊಟ್ಟಿರಲಿಲ್ಲ.

ಆ ಮಟ್ಟ ಬದಲಿಸುವುದು ಅದನ್ನು ತಯಾರಿಸಿದ ಎಂಜಿನಿಯರಿಗೆ ಮಾತ್ರ ಸಾಧ್ಯವಿತ್ತು. ಕೂಸಿನ ತಾಯಿ ಇದ್ದದ್ದೂ ಅದೇ ಊರಿನಲ್ಲಿ. ಒಂದು ದಿನ ರಜೆ ಹಾಕಿ, ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು, ಮಹಾಂತೇಶನ ಜೊತೆ ಬೆಳಗಿನ ರೈಲು ಹತ್ತಿದೆ.

ಕಳಕ್ಕೂಟಂನಲ್ಲಿ ಎಂಜಿನಿಯರ್ ಮೊದಲು ಒಪ್ಪಲಿಲ್ಲ. ಮಟ್ಟ ತೀರಾ ಇಳಿಸಿದರೆ ಕೂಸು ಬರೀ ಉಸಿರಾಡಿದರೂ, ಮುಖ ಹೊರಳಿಸಿದರೂ ಹಾಡು ಬರುತ್ತದೆ, ಆಗ ಕಲಿಯುವುದೇನು ಎಂದರು. ಅವರ ಮಾತೂ ಸರಿಯೇ. ಇಬ್ಬರೂ ಕುಳಿತು ಆ ಸಣ್ಣ ಉಬ್ಬುಗಳನ್ನು ಒಂದೊಂದಾಗಿ ನೋಡಿದೆವು. ಕೊನೆಗೆ ಅವರು ಮಟ್ಟವನ್ನು ಇಳಿಸಿದರು. ಆದರೆ ಒಂದರ ಹಿಂದೆ ಒಂದು ಎರಡು ಉಬ್ಬು ಬಂದರೆ ಮಾತ್ರ ದನಿ ಕೇಳಿಸಬೇಕು ಎಂದು ಹೊಂದಿಸಿದರು. ಕೂಸು ಸುಧಾರಿಸಿದಂತೆ ಮಟ್ಟವನ್ನು ನಾನೇ ಏರಿಸುವ ಹಾಗೆ ಒಂದು ಗುಂಡಿಯನ್ನೂ ಮಾಡಿಕೊಟ್ಟರು.

ಅಲ್ಲಿಂದ ಆಸ್ಪತ್ರೆಗೆ ಹೋದೆವು. ಅಶ್ವಿನಿ ದಿಂಬಿಗೊರಗಿ ಕುಳಿತಿದ್ದಳು. ಮುಖ ಊದಿಕೊಂಡಿತ್ತು. ಗಂಟಲಿಗೆ ಟ್ಯೂಬ್ ಹಾಕಿದ್ದರಿಂದ ದನಿ ಒಡೆದು ಗೊಗ್ಗರಾಗಿತ್ತು. ಮೆಷೀನಿಗಾಗಿ ಅವಳ ದನಿ ರೆಕಾರ್ಡ್ ಮಾಡಲು ಬಂದಿದ್ದೇನೆ ಎಂದಾಗ ಗೋಡೆ ಕಡೆ ತಿರುಗಿದಳು.

"ದನಿ ಕೇಳ್ರಿ ಹೆಂಗಾಗೇತಿ. ಇದನ್ನ ಕೇಳಿ ಕೂಸು ಹೆದರತೈತಿ. ಬ್ಯಾರೆ ಯಾರರ ಹಾಡಲಿ ಬಿಡ್ರಿ."

"ಬೇರೆಯವರ ಹಾಡು ಇದೆಯಮ್ಮ. ನಂಗೆ ನಿಮ್ಮ ದನಿ ಬೇಕು. ಹಾಡಲೇಬೇಕು ಅಂತೇನಿಲ್ಲ, ಮಾತಾಡಿದ್ರೆ ಸಾಕು."

"ನಾ ಅವನನ್ನ ಮುಟ್ಟೇ ಇಲ್ಲ. ಅವಂಗ ನಾ ಯಾರು?"

ಇದಕ್ಕೆ ಸಮಾಧಾನದ ಮಾತು ಹೇಳುವುದು ಸುಲಭ, ನಾನು ಹೇಳಲಿಲ್ಲ. "ಅದು ನಂಗೂ ಗೊತ್ತಿಲ್ಲ. ಆದ್ರೆ ನಿಮ್ಮ ಹೊಟ್ಟೇಲಿದ್ದಾಗ ಅವನು ಬೇರೆ ಯಾರ ಮಾತನ್ನೂ ಇಷ್ಟು ಕೇಳಿಲ್ಲ. ಈಗ ಅವನಿಗೆ ಕೊಡೋಕೆ ನಿಮ್ಮ ಹತ್ರ ಇರೋದು ಇದೊಂದೇ. ನಾನು ಅದನ್ನ ತಗೊಂಡೇ ಹೋಗೋದು," ಎಂದೆ.

ಮಹಾಂತೇಶ ಕಿಟಕಿಯ ಬಳಿ ಹೋಗಿ ನಿಂತ. ಅಶ್ವಿನಿ ನೀರು ಕೇಳಿದಳು, ಒಂದು ಗುಟುಕು ಕುಡಿದು ನಾನು ಹಿಡಿದಿದ್ದ ಮೈಕಿನ ಕಡೆ ನೋಡಿದಳು.

"ಏನಪಾ ಮಗನ, ನಾ ನಿಮ್ಮವ್ವ ಮಾತಾಡಾಕತ್ತೇನಿ. ಇಲ್ಲಿ ಕಿಟಕ್ಯಾಗ ಒಂದು ತೆಂಗಿನ ಗಿಡ ಕಾಣತೈತಿ. ಅದರ ಮ್ಯಾಲೆ ಎರಡು ಕಾಗಿ ಕುಂತಾವು. ಮುಂಜಾನಿಂದ ಜಗಳಾ ಮಾಡಾಕತ್ತಾವು. ನಿಮ್ಮಪ್ಪ ಅದನ್ನ ನೋಡ್ಕೋತ ನಿಂತಾನ. ನೀ ಗಡಾನ ಕುಡದು ದೊಡ್ಡಾವ ಆಗು."

ಅಷ್ಟಕ್ಕೇ ಸುಸ್ತಾದಳು. ನನಗೆ ಅಷ್ಟು ಸಾಕಿತ್ತು.

ಕೊಚ್ಚಿಗೆ ಮರಳಿದ ಮರುದಿನ ಟ್ಯೂಬಿನ ಹಾಲಿನ ಹೊತ್ತಿಗೆ ನಿಪ್ಪಲ್ ಕೊಟ್ಟೆ. ಮೊದಲು ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಎರಡು ಉಬ್ಬು ಬಂದವು, ಪೆಟ್ಟಿಗೆಯಿಂದ "ಏನಪಾ ಮಗನ" ಎಂಬ ದನಿ ಹೊರಟಿತು. ಕೂಸು ಕಣ್ಣು ತೆರೆದು ಅಲುಗದೆ ಮಲಗಿತು. ದನಿ ನಿಂತಿತು. ಮತ್ತೆ ಎರಡು ಉಬ್ಬು. ತಾಯಿಯ ಗುರುತು ಹಿಡಿದನೆಂದು ನಾನು ಹೇಳಲಾರೆ. ತಾನು ಮಾಡಿದ್ದರಿಂದ ಏನೋ ಆಗುತ್ತದೆ ಎಂಬುದು ಮಾತ್ರ ಅವನಿಗೆ ತಿಳಿಯಿತು. ಹುಟ್ಟಿದಾಗಿನಿಂದ ಅವನಿಗೆ ಏನಾಗಿದ್ದರೂ ಬೇರೆಯವರೇ ಮಾಡಿದ್ದರು.

ನಂತರದ ದಿನಗಳು ನೇರವಾಗಿ ಸಾಗಲಿಲ್ಲ. ಮಟ್ಟ ಏರಿಸಿದ ದಿನ ಅವನು ಸೋತು ಮಲಗಿಬಿಡುತ್ತಿದ್ದ. ಇಳಿಸಿ ಮತ್ತೆ ಶುರು ಮಾಡುತ್ತಿದ್ದೆ. ರಕ್ತ ತೆಗೆದ ದಿನ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಆಗ ನೆರವಿಗೆ ಬಂದವರು ಏಲಿಯಾಮ್ಮ ಸಿಸ್ಟರ್. ಒಂದು ಬೆಳಿಗ್ಗೆ ಅವರು ತೊಟ್ಟಿಲ ಬಳಿ ನಿಂತು ಪರದೆಯ ಮೇಲಿನ ಉಬ್ಬುಗಳನ್ನು ನೋಡಿದರು. ಅಂದಿನಿಂದ ಕೂಸು ಎಚ್ಚರವಾಗಿರುವ ಹೊತ್ತಿಗೆ ಸೂಜಿ, ತೂಕ, ಸ್ನಾನ ಯಾವುದೂ ಬಾರದಂತೆ ಎಲ್ಲ ಕೆಲಸದ ಸಮಯ ಬದಲಿಸಿದರು. ಆ ಬದಲಾವಣೆ ಇಲ್ಲದಿದ್ದರೆ ನನ್ನ ಮೆಷೀನಿನಿಂದ ಹೆಚ್ಚೇನೂ ಆಗುತ್ತಿರಲಿಲ್ಲ.

ವಾರದ ಗಡುವು ಮುಗಿದಾಗ ಡಾ. ಮಾಧವನ್ ಸ್ವತಃ ಬಂದು ನೋಡಿದರು. ಕೂಸು ಒಂದೇ ಸಮನೆ ಐದಾರು ಸಲ ಚೀಪಿ, ನಿಲ್ಲಿಸಿ, ಉಸಿರೆಳೆದು, ಮತ್ತೆ ಚೀಪುತ್ತಿತ್ತು. ಹಾಲನ್ನು ಇನ್ನೂ ಒಂದು ತೊಟ್ಟೂ ಚೀಪಿ ಕುಡಿದಿರಲಿಲ್ಲ. "ಆಪರೇಷನ್ ಮುಂದೆ ಹಾಕೋಣ," ಎಂದಷ್ಟೇ ಹೇಳಿ ಹೋದರು. ಮೊದಲು ನಿಪ್ಪಲಿನ ತುದಿಗೆ ಒಂದು ತೊಟ್ಟು ಹಾಲು ಹಚ್ಚಿ ಕೊಟ್ಟೆ. ಆಮೇಲೆ ಸಣ್ಣ ತೂತಿನ ಬಾಟಲಿಯಲ್ಲಿ ಕೆಲವೇ ಹನಿ, ಮಗ್ಗುಲಾಗಿ ಮಲಗಿಸಿ, ಪ್ರತಿ ಕೆಲವು ಗುಟುಕಿಗೆ ಬಾಟಲಿ ಇಳಿಸಿ. ತಾಯಿಗೆ ಕಾಯಿಲೆಯಿಂದ ಹಾಲು ಬತ್ತಿತ್ತು. ಬೇರೆ ತಾಯಂದಿರು ದಾನ ಕೊಟ್ಟ, ಮಿಲ್ಕ್ ಬ್ಯಾಂಕಿನ ಹಾಲೇ ಗತಿ. ತಿಂಗಳ ಕೊನೆಗೆ ದಿನದ ಹಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಾಯಿಯಿಂದಲೇ ಕುಡಿಯುತ್ತಿದ್ದ.

ಅಷ್ಟರಲ್ಲಿ ಅಶ್ವಿನಿಯ ಕಿಡ್ನಿಗಳು ಚೇತರಿಸಿಕೊಂಡು ಡಯಾಲಿಸಿಸ್ ನಿಂತಿತ್ತು. ಗಂಡನ ತೋಳು ಹಿಡಿದು ವಾರ್ಡಿಗೆ ಬಂದಳು. ಕುರ್ಚಿಯಲ್ಲಿ ಕೂರಿಸಿ ಕೂಸನ್ನು ಅವಳ ತೊಡೆಯ ಮೇಲಿಟ್ಟೆ. ತುಂಬ ಹೊತ್ತು ಅವನ ಕಾಲಿನ ಬೆರಳುಗಳನ್ನೇ ನೋಡುತ್ತಿದ್ದಳು. ನಾನು ಬಾಟಲಿ ಕೊಡಹೋದಾಗ ಕೈ ಹಿಂದೆಗೆದುಕೊಂಡಳು.

"ನನ್ನ ಕೈಲೆ ಆಗಂಗಿಲ್ರೀ. ನೀವ ಕುಡಸ್ರಿ, ನಾ ನೋಡ್ತೇನಿ."

"ಕಲಿಸೋದು ನನ್ನ ಕೆಲಸ. ಕುಡಿಸೋದು ನೀವು," ಎಂದು ಬಾಟಲಿಯನ್ನು ಅವಳ ಕೈಯಲ್ಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ.

ಕೂಸು ಬಾಯಿ ತೆರೆದು ನಿಪ್ಪಲ್ ಹಿಡಿಯಿತು. ನಡುವೆ ಒಮ್ಮೆ ಚೀಪುವುದನ್ನು ನಿಲ್ಲಿಸಿದಾಗ ಅವಳು ಗಾಬರಿಯಿಂದ ನನ್ನತ್ತ ತಿರುಗಿದಳು. ನನ್ನ ಕಾಲು ಮುಂದಾಯಿತು. ಏಲಿಯಾಮ್ಮ ಸಿಸ್ಟರ್ ನನ್ನ ತೋಳು ಹಿಡಿದು ನಿಲ್ಲಿಸಿದರು. "ಬಾಟಲ್ ತಗ್ಗಿಸಿ ಮೋಳೆ, ಅವನು ಉಸಿರು ತಗೊಳ್ಳಲಿ," ಎಂದು ಅವಳಿಗೆ ಇಂಗ್ಲಿಷ್ ಬೆರೆಸಿದ ಮಲಯಾಳದಲ್ಲಿ ಹೇಳಿದರು. ಅಶ್ವಿನಿ ತಗ್ಗಿಸಿದಳು. ಕೂಸು ಉಸಿರೆಳೆದು ಮತ್ತೆ ಚೀಪಿತು. ಇಡೀ ಹೊತ್ತು ಅವಳು ಗಮನವಿಟ್ಟು ಕುಡಿಸುತ್ತಿದ್ದಳು. ಬಾಟಲಿ ಖಾಲಿಯಾಯಿತು. ಮುಂದಿನ ವಾರ ಮೂಗಿನ ಟ್ಯೂಬ್ ತೆಗೆದೆವು, ಅದಾದ ಕೆಲವು ದಿನಕ್ಕೆ ಮೂವರೂ ಮನೆಗೆ ಹೋದರು.

ಕೂಸು ಕುಡಿಯಲು ಕಲಿತರೆ ನನ್ನ ಪಾಲಿನ ಕೆಲಸ ಮುಗಿಯಿತೆಂದು ಅಲ್ಲಿಯವರೆಗೆ ತಿಳಿದಿದ್ದೆ. ಮನೆಯಲ್ಲಿ ಕುಡಿಸಬೇಕಾದವರ ಕೈಯ ಹೆದರಿಕೆ ಹೋಗುವವರೆಗೂ ಅದು ಮುಗಿಯುವುದಿಲ್ಲ ಎಂದು ಈ ಪ್ರಕರಣ ಕಲಿಸಿತು. ಈಗ ಯಾವ ಮಗು ಮನೆಗೆ ಹೊರಟರೂ ಕೊನೆಯ ದಿನದ ಹಾಲನ್ನೆಲ್ಲ ಅಪ್ಪ ಅಮ್ಮನೇ ಕುಡಿಸಬೇಕೆಂದು ಹಟ ಹಿಡಿಯುತ್ತೇನೆ. ಆ ಹೊತ್ತಿಗೆ ನಾನು ಬಾಗಿಲ ಹೊರಗೆ ನಿಂತಿರುತ್ತೇನೆ. ಒಳಗೆ ಕೂಸು ಕೆಮ್ಮಿದರೆ ಓಡಿಹೋಗಬೇಕೆನ್ನಿಸುತ್ತದೆ. ಅವರು ಕರೆಯುವವರೆಗೂ ಹೋಗುವುದಿಲ್ಲ.